ಮೂವತ್ತನಾಲ್ಕು ಮಿಲಿಮೀಟರ್

ಗುರುವಾರ ಬೆಳಿಗ್ಗೆ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರೆ ನನ್ನ ದೊಡ್ಡಮ್ಮನ ಎಣ್ಣೆ ಆಸ್ಪತ್ರೆಯ ಮದ್ದನ್ನು ಸೋಲಿಸಿತ್ತು.

ತಟ್ಟೆಯೆಂದರೆ ಅಂಗೈಯಗಲದ್ದು. ಅದರ ತುಂಬ ಜೆಲ್ಲಿ, ಜೆಲ್ಲಿಯ ಮೇಲೆ ಗಾಯಕ್ಕೆ ಕೀವು ಕಟ್ಟಿಸುವ ಬ್ಯಾಕ್ಟೀರಿಯಾ. ನಡುವೆ ಸಣ್ಣ ಗುಳಿ ಕೊರೆದು ಮದ್ದು ಹಾಕಿ ಒಂದು ದಿನ ಬೆಚ್ಚಗಿಡುತ್ತೇವೆ. ಮದ್ದಿಗೆ ಶಕ್ತಿಯಿದ್ದರೆ ಗುಳಿಯ ಸುತ್ತ ಏನೂ ಬೆಳೆಯದೆ ಬೋಳು ವೃತ್ತವೊಂದು ಉಳಿಯುತ್ತದೆ. ನಮ್ಮ ದ್ವೀಪದ ರಾಜಧಾನಿ ಆಪಿಯಾದ ಈ ಪ್ರಯೋಗಾಲಯದಲ್ಲಿ ಆರು ವರ್ಷದಿಂದ ಬೋಳು ವೃತ್ತ ಅಳೆಯುವುದೇ ನನ್ನ ಉದ್ಯೋಗ. ಆ್ಯಂಟಿಬಯಾಟಿಕ್ ಇಪ್ಪತ್ತೆರಡು ಮಿಲಿಮೀಟರ್ ಬೋಳು ಮಾಡಿತ್ತು. ದೊಡ್ಡಮ್ಮನ ಎಣ್ಣೆ ಮೂವತ್ತನಾಲ್ಕು.

ನನ್ನ ಮೇಲಧಿಕಾರಿ ಟವಿಟಾ ಎರಡು ಸಲ ಸ್ಕೇಲ್ ಇಟ್ಟು ನೋಡಿದರು.

“ಪೆಲೆ, ನಿಮ್ಮ ದೊಡ್ಡಮ್ಮ ಇದಕ್ಕೆ ಏನೇನು ಹಾಕ್ತಾರೆ?”

“ತೆಂಗಿನೆಣ್ಣೆ, ನೋನು ಎಲೆ, ಪ್ರಾರ್ಥನೆ.”

“ಪ್ರಾರ್ಥನೆ ಎಷ್ಟು ಮಿಲಿ?”

“ಸರ್, ತಮಾಷೆ ಬೇಡ. ಅವಳು ಚರ್ಚಲ್ಲಿ ಹೇಳಿಬಿಟ್ಟಿದಾಳೆ.”

ಆದದ್ದು ಇಷ್ಟು. ನಮ್ಮೂರಿಗೆ ಹೊಸದಾಗಿ ಬಂದ ನರ್ಸ್ ಒಬ್ಬಳು ಹುಣ್ಣಿಗೆ ಈ ಎಣ್ಣೆ ಹಚ್ಚಬೇಡಿ, ಕೆಲಸ ಮಾಡುತ್ತದೆಂಬುದಕ್ಕೆ ಪುರಾವೆಯಿಲ್ಲ ಎಂದಿದ್ದಳು. ಮುಂದಿನ ಭಾನುವಾರವೇ ದೊಡ್ಡಮ್ಮ ಫುವಾತಿನೋ ಇಡೀ ಸಭೆಯೆದುರು ಎದ್ದುನಿಂತು, ಲ್ಯಾಬಿನ ಪರೀಕ್ಷೆಯಲ್ಲಿ ತನ್ನ ಎಣ್ಣೆಗೆ ಕ್ರಿಮಿಗಳು ಸಾಯದಿದ್ದರೆ ಮಹಿಳಾ ಸಮಿತಿಯ ಅಧ್ಯಕ್ಷ ಸ್ಥಾನ ಬಿಡುತ್ತೇನೆಂದು ಮಾತು ಕೊಟ್ಟಳು. ಹದಿನೇಳು ವರ್ಷದ ಸ್ಥಾನ. ತಿಂಗಳಿಗೊಮ್ಮೆ ಮನೆಮನೆಗೆ ನುಗ್ಗಿ ಚಾಪೆಯ ಅಡಿ, ಪಾತ್ರೆಯ ತಳ, ಕಕ್ಕಸಿನ ಮೂಲೆ ನೋಡಿ, ಗಲೀಜಿದ್ದರೆ ದಂಡ ಹಾಕುವ ಸ್ಥಾನ. ಊರಿನ ಮುಖ್ಯಸ್ಥರೂ ಅವಳು ಬರುವ ದಿನ ಕಾಲುಗುರು ಕತ್ತರಿಸಿಕೊಳ್ಳುತ್ತಿದ್ದರು.

“ಎಣ್ಣೆ ನೀರಿನ ಜೆಲ್ಲಿಯಲ್ಲಿ ಇಷ್ಟು ದೂರ ಹರಡೋದೇ ಇಲ್ಲ,” ಎಂದರು ಟವಿಟಾ. “ಇದರಲ್ಲಿ ಬೇರೇನೋ ಇದೆ.”

ನಾನು ಸೀಸೆಯ ಮುಚ್ಚಳ ತೆಗೆದು ಮೂಸಿದೆ. ತೆಂಗು, ಎಲೆ. ಅದರ ಹಿಂದೆ ತೆಳ್ಳಗೆ ನನ್ನ ಇಡೀ ಬಾಲ್ಯ. ಸಮಿತಿಯ ತಪಾಸಣೆಯ ಬೆಳಗು ಊರಿಗೆ ಊರೇ ನಾರುತ್ತಿದ್ದ ವಾಸನೆ. ಫಿನಾಯಿಲ್.

ಶುಕ್ರವಾರ ಕಿಕ್ಕಿರಿದ ಬಸ್ಸಿನಲ್ಲಿ, ನಮ್ಮ ಕಡೆಯ ರೂಢಿಯಂತೆ, ಗುರುತಿಲ್ಲದ ಹೆಂಗಸೊಬ್ಬಳ ತೊಡೆಯ ಮೇಲೆ ಕೂತು ಊರಿಗೆ ಹೋದೆ. ದೊಡ್ಡಮ್ಮ ಅಡುಗೆಮನೆಯಲ್ಲಿ ಟ್ಯಾರೋ ಗೆಡ್ಡೆ ಹೆರೆಯುತ್ತಿದ್ದಳು.

“ಸತ್ತವಾ?” ಎಂದಳು, ತಲೆ ಎತ್ತದೆ.

“ಸತ್ತವು. ದೊಡ್ಡಮ್ಮ, ಸೀಸೆಗೆ ಫಿನಾಯಿಲ್ ಹಾಕಿದ್ಯಾ?”

“ಮತ್ತೆ ಹಾಕ್ದೆ ಇರ್ತಾರೇನೇ? ಸೀಸೆ ತೊಳೆದೆ. ಆಮೇಲೆ ಬಸ್ಸಲ್ಲಿ ಅಷ್ಟು ದೂರ ಹೋಗ್ಬೇಕು, ಯಾರ್ಯಾರ ಕೈಯೋ ಏನೋ ಅಂತ ಎರಡು ಮುಚ್ಚಳ ಒಳಗೇ ಬಿಟ್ಟೆ.”

“ಪರೀಕ್ಷೆಗೆ ಕಳಿಸೋ ಎಣ್ಣೆಗೆ!”

“ಕ್ರಿಮಿ ಹುಡುಕೋ ಜಾಗಕ್ಕೆ ಕ್ರಿಮಿ ಇರೋ ಎಣ್ಣೆ ಕಳಿಸ್ಲಾ? ಫುವಾತಿನೋ ಮನೆಯಿಂದ ಗಲೀಜು ಬಂತು ಅಂತ ಅವರು ಬರ್ಕೊಳ್ಳಲಿ ಅಂತಾನಾ?”

ನಾನು ವಿವರಿಸಿದೆ. ಅವಳ ಚಾಕು ಗೆಡ್ಡೆಯ ಮೇಲೆ ನಿಂತಿತು. ತಪ್ಪು ಎಲ್ಲಾಗಿದೆಯೆಂದು ಅವಳಿಗೆ ಅರ್ಥವಾಗಲು ನಿಮಿಷವೂ ಬೇಕಾಗಲಿಲ್ಲ. ಹದಿನೇಳು ವರ್ಷ ಬೇರೆಯವರ ತಪ್ಪು ಹಿಡಿದವಳು.

“ವರದಿ ಹಾಗೇ ಬರೆದುಕೊಡಬಹುದು,” ಎಂದೆ ನಾನು, ನನಗೇ ನಾಚಿಕೆಯಾಗುವಂತೆ. “ಮೂವತ್ತನಾಲ್ಕು ಅಂತ. ಸುಳ್ಳೇನಲ್ಲ.”

“ಚಾಪೆ ಅಡಿಗೆ ಕಸ ತಳ್ಳಿದ ಹಾಗೆ,” ಎಂದಳು. “ಸೋಮವಾರ ನಾನೇ ಬರ್ತೀನಿ. ಬೇರೆ ಸೀಸೆ.”

ಸೋಮವಾರ ಬಂದವರು ಒಂಬತ್ತು ಜನ. ಒಂದೇ ಬಟ್ಟೆಯಲ್ಲಿ ಹೊಲಿಸಿದ ಹಸಿರು ಪುಲೆತಾಸಿ ಲಂಗ-ಕುಪ್ಪಸ ತೊಟ್ಟ ಇಡೀ ಸಮಿತಿ. ಟವಿಟಾ ಬಾಗಿಲಲ್ಲಿ ನಿಂತು ಸ್ವಾಗತದ ಮಾತು ಶುರು ಮಾಡುವಷ್ಟರಲ್ಲಿ ಇಬ್ಬರು ಸಿಂಕಿನ ಕೆಳಗೆ ಬಗ್ಗಿದ್ದರು. ಒಬ್ಬಳು ಕಪಾಟಿನ ಮೇಲೆ ಬೆರಳಾಡಿಸಿ, ಬೆರಳನ್ನು ಟವಿಟಾ ಅವರಿಗೇ ತೋರಿಸಿದಳು. ದೊಡ್ಡಮ್ಮ ನೇರ ಇನ್‌ಕ್ಯುಬೇಟರಿನ ಬಳಿ ಹೋದಳು.

“ಇದರೊಳಗೆ ಏನು?”

“ಬ್ಯಾಕ್ಟೀರಿಯಾ ಇದೆ ಅಮ್ಮ. ಬೆಳೆಸ್ತಾ ಇದೀವಿ.”

“ಬೆಳೆಸ್ತಾ ಇದೀರಾ?”

“ಹೂಂ. ಮೈ ಬಿಸಿಯಷ್ಟೇ ಬೆಚ್ಚಗೆ ಇಟ್ಟು...”

“ಹೊಟ್ಟೆಗೆ?”

ಟವಿಟಾ ನನ್ನ ಕಡೆ ನೋಡಿದರು. ನಾನು ಕಿಟಕಿಯ ಕಡೆ ನೋಡಿದೆ.

“ದನದ ಮಾಂಸದ ಸಾರು,” ಎಂದರು ಅವರು.

ಒಂಬತ್ತು ಜನರೂ ತಿರುಗಿದರು. “ನಮ್ಮ ಮನೇಲಿ ಮಕ್ಕಳಿಗೆ ಭಾನುವಾರ ಭಾನುವಾರ ದನದ ಸಾರು,” ಎಂದಳು ದೊಡ್ಡಮ್ಮ. “ಇವಕ್ಕೆ ದಿನಾ! ಮೂವತ್ತು ವರ್ಷದಿಂದ ನಾವು ಸೊಂಟ ಮುರ್ಕೊಂಡು ಇವನ್ನ ಓಡಿಸ್ತಾ ಇದೀವಿ, ಪೆಲೆ, ನೀನು ಪಟ್ಟಣಕ್ಕೆ ಬಂದು ಸಾಕ್ತಾ ಕೂತಿದೀಯಲ್ಲೇ! ನಿಮ್ಮಮ್ಮನಿಗೆ ಗೊತ್ತಾ ಇದು?”

“ಸಾಕಿದ್ರೆ ತಾನೇ ದೊಡ್ಡಮ್ಮ ಕೊಲ್ಲಕ್ಕಾಗೋದು?”

“ಸಾಕೋದು ಬಿಟ್ರೆ ಕೊಲ್ಲೋದೇ ಬೇಕಾಗಿಲ್ಲ.”

ಇದಕ್ಕೆ ಪಠ್ಯಪುಸ್ತಕದಲ್ಲಿ ಉತ್ತರವಿದ್ದಿರಬಹುದು. ನಾನು ಹೊಸ ಸೀಸೆಗೆ ಕೈ ಚಾಚಿದೆ.

ಎಣ್ಣೆಗೆ ಅನ್ಯಾಯವಾಗಬಾರದೆಂದು ಈ ಸಲ ತಟ್ಟೆಯ ಜೊತೆಗೆ ಟ್ಯೂಬುಗಳಲ್ಲೂ ಇಟ್ಟೆವು. ಸಾರು, ಬ್ಯಾಕ್ಟೀರಿಯಾ, ಎಣ್ಣೆ ಮೂರನ್ನೂ ಒಂದೇ ಟ್ಯೂಬಿನಲ್ಲಿ ಬೆರೆತಿರುವಂತೆ ಕಲಕಿಡುವುದು; ಹೋಲಿಕೆಗೆ ಎಣ್ಣೆಯಿಲ್ಲದ್ದೂ ಒಂದು. ಮರುದಿನ ಸಾರು ತಿಳಿಯಾಗಿದ್ದರೆ ಎಣ್ಣೆ ಗೆದ್ದಂತೆ. ಕದಡಿದ್ದರೆ ಕ್ರಿಮಿಗಳು ಗೆದ್ದಂತೆ. ಸಮಿತಿ ರಾತ್ರಿ ಯಾರದೋ ನೆಂಟರ ಮನೆಯಲ್ಲಿ ಉಳಿದು ಬೆಳಿಗ್ಗೆ ಎಂಟಕ್ಕೇ ಬಾಗಿಲಲ್ಲಿತ್ತು.

ತಟ್ಟೆಯಲ್ಲಿ ವೃತ್ತವಿರಲಿಲ್ಲ. ಗುಳಿಯ ಅಂಚಿನವರೆಗೂ ಒತ್ತಾಗಿ ಬೆಳೆದಿತ್ತು. ಟ್ಯೂಬುಗಳೆಲ್ಲ ಅಕ್ಕಿ ತೊಳೆದ ನೀರಿನಂತೆ ಕದಡಿದ್ದವು.

“ಇದು ನನ್ನ ಎಣ್ಣೆ ಹಾಕಿದ್ದಾ?”

“ಹೌದು.”

“ಇದು ಎಣ್ಣೆ ಹಾಕದೇ ಇರೋದಾ?”

“ಹೌದು.”

ಅವಳು ಎರಡನ್ನೂ ಅಕ್ಕಪಕ್ಕ ಬೆಳಕಿಗೆ ಹಿಡಿದು ನೋಡಿದಳು. “ಎಣ್ಣೆ ಹಾಕಿದ್ದು ಇನ್ನೂ ಸ್ವಲ್ಪ ಚೆನ್ನಾಗಿ ಬೆಳೆದ ಹಾಗಿದೆ,” ಎಂದಳು. ಅವಳು ಟ್ಯೂಬು ಕೆಳಗಿಟ್ಟು ಕೈ ತೊಳೆದುಕೊಂಡಳು, ಮೊಣಕೈವರೆಗೆ.

ಭಾನುವಾರ ಚರ್ಚಿನಲ್ಲಿ ಎದ್ದುನಿಂತಳು. ನಾನು ಹಿಂದಿನ ಸಾಲಿನಲ್ಲಿದ್ದೆ.

“ನನ್ನ ಎಣ್ಣೆ ಒಂದು ಕ್ರಿಮಿಯನ್ನೂ ಕೊಲ್ಲಲಿಲ್ಲ. ಮೈಕೈ ನೋವಿಗೆ ತಿಕ್ಕಿಕೊಳ್ಳಿ, ಹುಣ್ಣಿಗೆ ನರ್ಸ್ ಹತ್ರ ಹೋಗಿ. ಮೊದಲನೇ ಸಲ ಕ್ರಿಮಿ ಸತ್ತಿದ್ದು ನಾನು ಹಾಕಿದ್ದ ಎರಡು ಮುಚ್ಚಳ ಫಿನಾಯಿಲಿಂದ. ಅದು ಆಸ್ಪತ್ರೆ ಮದ್ದಿಗಿಂತ ಜಾಸ್ತಿ ಕೊಂದಿದೆ, ಪೆಲೆ ಅಳೆದಿದಾಳೆ. ನನ್ನದೇನೂ ಇಲ್ಲ. ಕೊಟ್ಟ ಮಾತಿನ ಹಾಗೆ ಸ್ಥಾನ ಬಿಟ್ಟಿದೀನಿ.”

ಇಷ್ಟು ಪ್ರಾಮಾಣಿಕವಾದ ವರದಿಯನ್ನು ನಮ್ಮ ಪ್ರಯೋಗಾಲಯ ಯಾವತ್ತೂ ಬರೆದಿಲ್ಲ. ಪಾದ್ರಿಗಳು ಕಣ್ಣೊರೆಸಿಕೊಂಡು ರಾಜೀನಾಮೆಯನ್ನು ಒಪ್ಪಿಕೊಂಡರು. ಆದರೆ ಊರು ಅಷ್ಟುದ್ದದ ಮಾತಿನಲ್ಲಿ ಒಂದೇ ವಾಕ್ಯವನ್ನು ಕೇಳಿಸಿಕೊಂಡಿತ್ತು.

ಸೋಮವಾರ ನಾನು ರಜೆ ಹಾಕಿ ಊರಲ್ಲೇ ಉಳಿದಿದ್ದೆ. ಮಧ್ಯಾಹ್ನದ ಹೊತ್ತಿಗೆ ಅಂಗಡಿಯಲ್ಲಿ ಫಿನಾಯಿಲ್ ಖಾಲಿ. ಮನೆಮನೆಯಲ್ಲಿ ಜನ ತೆಂಗಿನೆಣ್ಣೆಗೆ ಅದನ್ನು ಬೆರೆಸಿ ಗಜಕರ್ಣಕ್ಕೆ, ಕುರುವಿಗೆ, ಒಂದು ಮನೆಯಲ್ಲಿ ಹಲ್ಲುನೋವಿಗೆ ಹಚ್ಚಿಕೊಂಡು ಗಾಳಿ ಹಾಕಿಕೊಳ್ಳುತ್ತಿದ್ದರು. ಸಮಿತಿಯ ಎಂಟು ಹೆಂಗಸರು ದೊಡ್ಡಮ್ಮನ ಬಳಿ ಓಡಿಬಂದರು.

“ಅಕ್ಕಾ, ಎದ್ದು ಬಾ.”

“ನಾನ್ಯಾಕೆ? ಹೊಸ ಅಧ್ಯಕ್ಷೆನ ಮಾಡ್ಕೊಳ್ಳಿ.”

“ಬುಧವಾರ ಆರಿಸ್ಬೇಕು,” ಎಂದಳು ಅವರಲ್ಲೊಬ್ಬಳು. “ಅಷ್ಟರಲ್ಲಿ ಊರಿನ ಅರ್ಧ ಚರ್ಮ ಎದ್ದುಹೋಗತ್ತೆ. ನನ್ನ ಮಾವ ಸೀಸೇನ ತಬ್ಕೊಂಡು ಮಲಗಿದಾರೆ, ನಾನು ಕಿತ್ಕೊಳ್ಳಕ್ಕಾಗತ್ತಾ?”

ದೊಡ್ಡಮ್ಮ ಎದ್ದು ಕೂದಲು ಕಟ್ಟಿಕೊಂಡಳು.

ನಲವತ್ತೊಂದು ಮನೆ. ಚಾಪೆ ಎತ್ತಿದಳು, ಪೆಟ್ಟಿಗೆ ತೆಗೆಸಿದಳು, ತಬ್ಬಿಕೊಂಡಿದ್ದ ಆ ಮಾವನ ಕಂಕುಳಿಂದ ಸೀಸೆ ಎಳೆದಳು. ನಾನು ಹಿಂದೆಯೇ ಬಕೆಟ್ ಹಿಡಿದು ನಡೆದೆ. ಕೊನೆಯದು ಪಾದ್ರಿಗಳ ಮನೆ. ಅವರು ಲಾವಲಾವಾ ಪಂಚೆಯನ್ನು ತೊಡೆಯವರೆಗೆ ಎತ್ತಿಕೊಂಡು ಕೂತಿದ್ದರು. ಮೊಣಕಾಲು ಬೇಯಿಸಿದ ಏಡಿಯ ಬಣ್ಣಕ್ಕೆ ಬಂದಿತ್ತು.

“ಎಷ್ಟು ಹಾಕಿದ್ರಿ?”

“ನೀವು ಎರಡು ಮುಚ್ಚಳ ಅಂದ್ರಿ. ಹಳೇ ನೋವು ಅಂತ ನಾಲ್ಕು ಹಾಕಿದೆ.”

“ಸೀಸೆ ಕೊಡಿ.”

ಪಾದ್ರಿಗಳು ಸೀಸೆಯನ್ನು ಬೆನ್ನ ಹಿಂದೆ ಸರಿಸಿದರು. “ಫುವಾತಿನೋ, ನೀವು ನಿನ್ನೆ ರಾಜೀನಾಮೆ ಕೊಟ್ಟಿದೀರಿ. ಇಡೀ ಸಭೆ ಮುಂದೆ ನಾನೇ ಒಪ್ಕೊಂಡೆ.”

“ವಾಪಸ್ ತಗೊಂಡೆ. ಮುಂದಿನ ಭಾನುವಾರ ಎಲ್ಲರಿಗೂ ಹೇಳ್ಬಿಡಿ. ಈಗ ಕಾಲು ತೊಳ್ಕೊಳ್ಳಿ.”

ಪಾದ್ರಿಗಳು ಎದ್ದು ಕುಂಟುತ್ತ ನಲ್ಲಿಯ ಕಡೆ ಹೋದರು. ಸಾಬೂನು ಎಲ್ಲಿದೆಯೆಂದು ಒಳಗಿದ್ದ ಹೆಂಡತಿಯನ್ನು ಕೂಗಿ ಕೇಳಿದರು. ಅವಳು ಬಾಯಿ ತೆರೆಯುವ ಮೊದಲೇ ದೊಡ್ಡಮ್ಮ ಹೇಳಿದಳು: “ಎಡಗಡೆ ಹಲಗೆ ಮೇಲೆ, ತೆಂಗಿನ ಚಿಪ್ಪಿನಲ್ಲಿ.”