ಮನೆಗೊಬ್ಬ ಗಂಡಾಳು

ಪಾಂಡವಪುರದಾಚೆ, ನಾಲೆ ಏರಿಗೆ ಅಂಟಿಕೊಂಡ ಊರು ಅದು. ಅಲ್ಲಿ ಏನೇ ಆಗಲಿ, ಮಾರಮ್ಮನ ಗುಡಿಯ ಮೈಕಿನಲ್ಲಿ ಸಾರುವವನು ಮಂಚಯ್ಯ. ಅವನಪ್ಪ ತಮಟೆ ಬಡಿದು ಸಾರುತ್ತಿದ್ದ ಮಾತೇ ಇವನದೂ: "ಮನೆಗೊಬ್ಬ ಗಂಡಾಳು ಬರ್ಬೇಕ್ರಪ್ಪೋ!" ಹೆಂಗಸರಿಗೆ ಮೈಬಲವಿಲ್ಲ, ನೀರು ಕಂಡರೆ ಕಿರುಚುತ್ತಾರೆ ಎಂದು ಊರಿಗೆ ಊರೇ ನಂಬಿತ್ತು. ತಲೆಮೇಲೊಂದು, ಸೊಂಟದಲ್ಲೊಂದು ಕೊಡ ಹೊತ್ತು ಏರಿ ಹತ್ತುವವರ ಬಗ್ಗೆ ಈ ಮಾತು! ನಗಬೇಕೋ ಅಳಬೇಕೋ.

ಹೋದ ವರ್ಷ ಕಬ್ಬು ಕಡಿಯುವ ಕಾಲದಲ್ಲಿ, ಯಾರೋ ಮೊಪೆಡ್ ಸಮೇತ ನಾಲೆಗೆ ಬಿದ್ದರೆಂದು ಸುದ್ದಿ ಬಂತು. ಈಜು ಬಾರದ ಮಂಚಯ್ಯ ಗುಡಿಗೆ ಓಡಿ ಅದೇ ಮಾತು ಕೂಗಿದ. ಗಂಡಸರೆಲ್ಲ ದೂರದ ಗದ್ದೆಗಳಲ್ಲಿದ್ದರು. ಅವರು ಬರುವಷ್ಟರಲ್ಲಿ ಬಿದ್ದವನು ತೀರಿಹೋಗಿದ್ದ. ಅವನು ಮಂಚಯ್ಯನ ಒಬ್ಬನೇ ಮಗ ನಾಗರಾಜು.

ಆವತ್ತಿನಿಂದ ಮಂಚಯ್ಯನಿಗೆ ತನ್ನ ದನಿಯೇ ದೆವ್ವವಾಗಿ ಹಿಡಿಯಿತು. ಉಣ್ಣಲು ಕೂತರೂ ಅದು ಏರಿಯ ಕಡೆಯಿಂದ "ಮನೆಗೊಬ್ಬ ಗಂಡಾಳು" ಎಂದು ಕೂಗುತ್ತದೆ. ಅವನ ಮನೆಯ ಗಂಡಾಳು ನೀರಿನೊಳಗಿಂದ "ಬಂದೆ ಕಣಪ್ಪ" ಅನ್ನುತ್ತಾನೆ. ಮಂಚಯ್ಯ ತಟ್ಟೆ ಸರಿಸಿ ಎದ್ದುಬಿಡುತ್ತಾನೆ.

ಮೊನ್ನೆ ತೂಬಿನ ಬಾಯಿಗೆ ಕಟ್ಟಿಕೊಂಡ ಜೊಂಡು ತೆಗೆಯಲು ಜನ ಕರಿ ಎಂದು ಊರ ಯಜಮಾನ ಶಿವಶಂಕರ್ ಹೇಳಿದ. ಮೈಕು ಹಿಡಿದ ಮಂಚಯ್ಯನ ಬಾಯಲ್ಲಿ ಆ ಮಾತು ಹೊರಡಲೇ ಇಲ್ಲ. ಕೊನೆಗೆ, "ಮನೆಗೊಬ್ರು ಬನ್ರಪ್ಪೋ... ಗಂಡ್ಸಾಗ್ಲಿ ಎಂಗ್ಸಾಗ್ಲಿ, ಕೈಲಾದೋರು ಬನ್ನಿ" ಅಂದ.

"ಎಂಗುಸ್ರು ಬಂದು ಅದೇನ್ ಕಡ್ದು ಕಟ್ಟೆ ಆಕ್ತಾರ್ಲಾ ಮಂಚ?" ಶಿವಶಂಕರ್ ನಕ್ಕ.

ಎಲ್ಲರಿಗಿಂತ ಮೊದಲು ಬಂದವಳು ಏರಿಯ ಪಕ್ಕದ ಸೋಮಮ್ಮ. ಗಂಡ ಸತ್ತ ಮೇಲೆ, ಗಂಡಾಳಿಲ್ಲದ ಮನೆಯೆಂದು ಊರು ಅವಳನ್ನು ಯಾವ ಕೆಲಸಕ್ಕೂ ಕರೆದಿರಲಿಲ್ಲ. ಸೆರಗು ಬಿಗಿದು ತುಂಬು ನಾಲೆಗೆ ಇಳಿದವಳು ಸಲೀಸಾಗಿ ಈಜಿಕೊಂಡು ಹೋಗಿ, ಜೊಂಡು ಕಿತ್ತು ದಡಕ್ಕೆಸೆದಳು.

ಮಂಚಯ್ಯ ದಡದಂಚಿಗೆ ಬಂದು ನಿಂತ. ಅವಳು ಮೇಲೆ ಬರುತ್ತಲೇ ಕೇಳಿದ: "ನಿಂಗೆ ಈಜು ಬತ್ತದಾ ಸೋಮವ್ವ?"

"ಶ್ರೀರಂಗಪಟ್ಣದ ಒಳೇಲಿ ಆಡಿ ಬೆಳ್ದೋಳು ಕಣಣ್ಣ."

"ಅವತ್ತು ನಾನು ಕೂಗಿದ್ದು ಕೇಳುಸ್ನಿಲ್ವಾ?" ಕೇಳಬಾರದಿತ್ತು, ಕೇಳಿಬಿಟ್ಟ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.

ಸೋಮಮ್ಮ ಅವನ ಮುಖ ನೋಡಲಾರದೆ ಅತ್ತಳು.

"ಕೇಳುಸ್ತು ಕಣಣ್ಣ. ಬಾಗ್ಲು ದಾಟಿ ಓಡ್ಬಂದಿದ್ದೆ. ನೀನು ಗಂಡಾಳು ಅಂದೆ. ಗಂಡಸ್ರು ಬತ್ತಾವ್ರೆ, ನಾನ್ಯಾಕೆ ಅಡ್ಡ ಅಂತ ದಾರಿ ಬುಟ್ಟು ನಿಂತ್ಕಂಡೆ."