ಪಕ್ಕದ ಕುರ್ಚಿಯ ದಸ್ತಿ

ಒಂದು ಕಂಬವಿಲ್ಲ, ಒಂದು ಹಗ್ಗವಿಲ್ಲ, ಟೆಂಟ್ ಹೌಸಿನವರ ಸಮ್ಮೇಳನದಲ್ಲಿ ನೆಲಕ್ಕೆ ಹೊಡೆದ ಒಂದು ಗೂಟವೂ ಇಲ್ಲವಲ್ಲ, ಪಂಡರಿ ತಲೆ ಎತ್ತಿ ನೋಡುತ್ತಾನೆ, ಮೇಲೆ ಬಿಳಿ ಛತ್ತು, ಅದರ ಸಂದಿಯಿಂದ ತಣ್ಣನೆ ಗಾಳಿ ನೇರ ಕುತ್ತಿಗೆಗೆ ಬೀಳುತ್ತಿದೆ, ಹುಮನಾಬಾದಿನ ಹೊಸ ಫಂಕ್ಷನ್ ಹಾಲು, ನಮ್ಮ ಹೊಟ್ಟೆಯ ಮೇಲೆ ಹೊಡೆದವರ ಮನೆಯಲ್ಲೇ ಇವತ್ತು ನಮ್ಮ ಊಟ, ಲಾಲ್ ಅಹ್ಮದ್ ಇದ್ದಿದ್ದರೆ ಬಾಯಲ್ಲಿನ ಎಲೆಯಡಿಕೆ ಸಂಭಾಳಿಸುತ್ತ ಭುಜ ಕುಣಿಸಿ ನಗುತ್ತಿದ್ದ, ನೋಡೋ ಪಂಡರಿ, ಶಾಮಿಯಾನದವ್ರ ನೆತ್ತಿ ಮ್ಯಾಲ ಶಾಮಿಯಾನ ಇಲ್ಲ ನೋಡು — ಇದ್ದಿದ್ದರೆ. ರಂಜಾನ್ ಹಬ್ಬಕ್ಕೆ ಎರಡು ದಿನ ಇರುವಾಗ ತೀರಿಹೋದ, ಈಗ ಐದು ತಿಂಗಳು. ಬಸವಕಲ್ಯಾಣದಲ್ಲಿ ಮೂವತ್ತೊಂದು ವರ್ಷ ಒಂದೇ ಅಂಗಡಿ, ಒಂದೇ ಬೋರ್ಡಿನಲ್ಲಿ ಇಬ್ಬರ ಹೆಸರು, ಯಾರ ಹೆಸರು ಮೊದಲು ಎಂದು ಒಂದು ದಿನವೂ ಮಾತು ಬರಲಿಲ್ಲ, ಜಗಳವೆಲ್ಲ ಹಗ್ಗದ ಗಂಟಿಗೆ, ಅವನ ಗಂಟು ಒಂದೇ ಎಳೆತಕ್ಕೆ ಬಿಚ್ಚುತ್ತಿತ್ತು, ಬಿರುಗಾಳಿಗೆ ಮಾತ್ರ ಬಿಚ್ಚುತ್ತಿರಲಿಲ್ಲ, ಪಂಡರಿಯದು ಬಿರುಗಾಳಿಗೂ ಬಿಚ್ಚದು, ಬಿಚ್ಚುವ ಆಳಿಗೂ ಬಿಚ್ಚದು. ಪಂಡರಿ ಪಕ್ಕದ ಕುರ್ಚಿಯನ್ನು ನೋಡುತ್ತಾನೆ. ಅದರ ಮೇಲೆ ಮುಖ ಒರೆಸುವ ದಸ್ತಿ, ನೀಲಿ ಚೌಕಡಿಯದು, ನಾಲ್ಕು ಮಡಿಕೆಯದು. ಯಾವಾಗ ಇಟ್ಟೆ? ಬಂದು ಕೂತ ಕೂಡಲೇ ಕೈ ತಾನಾಗಿಯೇ ಇಟ್ಟುಬಿಟ್ಟಿತು, ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯೊಳಗೆ ದಸ್ತಿ ಒಗೆದು ಸೀಟು ಹಿಡಿಯುವ ಕೈ, ಲಾಲ್ ಅಹ್ಮದನಿಗೆ ಮೊಣಕಾಲು ನೋವು, ನಿಧಾನ ಹತ್ತುತ್ತಾನೆ, ಅವನು ಬರುವ ತನಕ ಸೀಟು ಇರಬೇಕಲ್ಲ.

ಬೆಳಿಗ್ಗೆ ಹಜಿರಾ ಬೀ ಅಂಗಡಿಯ ಮೆಟ್ಟಿಲ ಹತ್ತಿರ ಬಂದು ನಿಂತಿದ್ದಳು, ಲಾಲ್ ಅಹ್ಮದನ ಹೆಂಡತಿ, ಅರ್ಧ ಅಂಗಡಿ ಈಗ ಅವಳದು, ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, ಭಾಯಿ, ಇವತ್ತ ಒಬ್ಬರನ್ನರ ಮಾತಾಡಿಸಿ ಬರ್ರಿ, ಹಳ್ಳಿ ಕಡಿ ನಮ್ಮ ಜೋಡಿ ಕೂಡಿ ಕೆಲಸ ಮಾಡೋರು ಒಬ್ಬರು ಸಿಕ್ಕರ ಅಂಗಡಿ ನಡಸೂಣು, ಇಲ್ಲಂದ್ರ ಸೋಮವಾರ ಹಳೀ ಸಾಮಾನ ಕೊಳ್ಳೋ ಸಂಜೀವಕುಮಾರ ಲಾರಿ ತಗೊಂಡು ಬರ್ತಾನ, ಸಾಮಾನೆಲ್ಲಾ ಕೊಟ್ಟುಬಿಡೂಣು, ಖಾಲಿ ಕುಂತ ಕಂಬ ನನಗ ನೋಡಾಕ ಆಗವಲ್ದು. ಆಯ್ತು ಭಾಭಿ, ಎಂದ. ಒಬ್ಬರು ಸಾಕು ಎಂದಳು, ಅವಳು ಕೇಳಿದ್ದು ಒಬ್ಬರನ್ನು ಮಾತ್ರ. ಬಸ್ಸು ರಾಜೇಶ್ವರ ಹಳ್ಳಿ ದಾಟುವಾಗಲೂ ಅದೇ ಲೆಕ್ಕ, ಒಬ್ಬರು, ಒಬ್ಬರು ಯಾಕೆ ಸಿಗುವುದಿಲ್ಲ, ಜಿಲ್ಲೆಯ ಟೆಂಟ್ ಹೌಸಿನವರೆಲ್ಲ ಸೇರುತ್ತಾರೆ, ಚಹಾ ಕುಡಿಯುವಾಗ ಮಾತು ತೆಗೆದರಾಯಿತು — ಚಹಾ ಆಗಿ ಒಂದು ತಾಸಾಯಿತು, ಪಂಡರಿ ಕಪ್ಪು ಹಿಡಿದುಕೊಂಡು ಗೋಡೆಗೆ ಒರಗಿ ನಿಂತದ್ದೇ ಬಂತು, ಮಾತು ತೆಗೆಯುವುದು ಯಾವತ್ತೂ ಲಾಲ್ ಅಹ್ಮದನ ಕೆಲಸ.

ವೇದಿಕೆಯಲ್ಲಿ ಹೈದರಾಬಾದಿನಿಂದ ಬಂದ ಒಬ್ಬ ಟೈ ಕಟ್ಟಿದವನು ಪರದೆಗೆ ಕೋಲು ತಾಗಿಸಿ ಹೇಳುತ್ತಿದ್ದಾನೆ, ಸಮ್ಮೇಳನಕ್ಕೆ ಬಂದವರು ಪೂರ್ತಿ ಲಾಭ ಪಡೆಯುವುದು ಹೇಗೆ, ಹೊಸಬರ ಪಕ್ಕ ಕುಳಿತುಕೊಳ್ಳಿ, ಹೆಚ್ಚು ಕೇಳಿ, ಕಡಿಮೆ ಮಾತಾಡಿ, ಪಂಡರಿಗೆ ನಗು ಬರುತ್ತದೆ, ಅಯ್ಯಾ, ಇದನ್ನು ಇಪ್ಪತ್ತೆರಡು ವರ್ಷದ ಹಿಂದೆ ಕಲಬುರಗಿಯಲ್ಲಿ ನನಗೆ ಒಬ್ಬ ಬಿಟ್ಟಿ ಹೇಳಿಕೊಟ್ಟ. ಮೊದಲ ಸಮ್ಮೇಳನ ಅದು, ನಿಜವಾದ ಪೆಂಡಾಲು, ಪಂಡರಿ ಒಳಗೆ ಕಾಲಿಟ್ಟವನೇ ಮೂಲೆಯ ಕಂಬ ಅಲುಗುವುದನ್ನು ಕಂಡ, ಕೈ ತಡೆಯಲಿಲ್ಲ, ಹಗ್ಗ ಬಿಗಿದ, ಒಂದು ಬಿಗಿದ ಮೇಲೆ ಇನ್ನೊಂದು, ಭಾಷಣ ಮುಗಿಯಿತು, ಊಟ ಮುಗಿಯಿತು, ಅಲ್ಲಿನವರು ಕೂಲಿಯವನೆಂದು ತಿಳಿದು ಗೂಟ ಹೊಡೆಯಲೂ ಹೇಳಿದರು, ಹೊಡೆದ. ಸಂಜೆ ಬಸ್ಸಿನಲ್ಲಿ ಲಾಲ್ ಅಹ್ಮದ್ ಕೇಳುತ್ತಾನೆ, ಯಾರ್ಯಾರು ಸಿಕ್ಕಿದ್ರು? ಯಾರೂ ಇಲ್ಲ, ಖರೆ ನಾಲ್ಕೂ ಮೂಲಿ ಗಟ್ಟಿ ಮಾಡೀನಿ. ಆ ನಗು, ಬಸ್ಸಿನವರೆಲ್ಲ ತಿರುಗಿ ನೋಡಿದರು. ಆಮೇಲೆ ಕಣ್ಣೊರೆಸಿಕೊಂಡು, ಇದೇ ದಸ್ತಿಯಲ್ಲಲ್ಲ, ಅಂಥದೇ ಇನ್ನೊಂದರಲ್ಲಿ, ಕೇಳಿಲ್ಲಿ, ಇನ್ನ ಮ್ಯಾಲ ನನ್ನ ಬಾಜೂಕ ಕೂಡಬ್ಯಾಡ, ಅಂಗಡ್ಯಾಗ ದಿನಾ ಕೂಡ್ತಿ, ನೀ ಆ ಕಡಿ, ನಾ ಈ ಕಡಿ, ಬಾಜೂದ ಕುರ್ಚಿ ಖಾಲಿ ಬಿಡು, ಯಾರ್ ಬಂದು ಕೂಡ್ತಾರ ಅವರಿಗಿ ಕೇಳು, ನಿಮ್ಮ ಕಡಿ ಏನ್ ತ್ರಾಸ ಅದ ಅಂತ, ನಿನ್ನ ತ್ರಾಸ ಮೊದ್ಲ ಹೇಳಬ್ಯಾಡ. ಹಾಗೆ ಬಿಟ್ಟ ಕುರ್ಚಿಯಲ್ಲೇ ಹುಲಸೂರಿನ ಅಮೋಘಸಿದ್ದಪ್ಪ ಬಂದು ಕೂತದ್ದು, ಮುಂದೆ ಒಂದು ಮಳೆಗಾಲ ನಮ್ಮ ಲಾರಿ ಹಳ್ಳದ ಆಚೆ ಸಿಕ್ಕಿಕೊಂಡಾಗ ಮದುವೆ ಮನೆಗೆ ತನ್ನ ಕುರ್ಚಿಗಳನ್ನೆಲ್ಲ ಕಳಿಸಿ ಮಾನ ಉಳಿಸಿದ್ದು. ಎಷ್ಟು ಚೆನ್ನಾಗಿತ್ತು, ಹಾಲಿನ ಆ ಕಡೆಯಿಂದ ಲಾಲ್ ಅಹ್ಮದ್ ಹುಬ್ಬು ಹಾರಿಸಿ ಕೇಳುವುದು, ಸಿಕ್ಕರಾ? ಈ ಕಡೆಯಿಂದ ಪಂಡರಿ ಗೋಣು ಹಾಕುವುದು.

ಯಾರರ ಬರೋರದಾರೇನ್ರಿ ಇಲ್ಲಿ? ಬಿಳಿ ಮೀಸೆಯವರು ಒಬ್ಬರು ಬಗ್ಗಿ ಕೇಳುತ್ತಿದ್ದಾರೆ. ಹೌದ್ರಿ, ಬರ್ತಾರ. ಬಾಯಿಂದ ಬಂದೇಬಿಟ್ಟಿತು. ಅವರು ಮುಂದೆ ಹೋದರು. ಏನಾಯಿತು ನನಗೆ? ಇನ್ನೊಬ್ಬ ಬಂದ, ದಪ್ಪಗಿನವನು, ಬೆವರು ಒರೆಸಿಕೊಳ್ಳುತ್ತ, ಖಾಲಿ ಅದೇನ್ರಿ ಅಣ್ಣಾ? ಇಲ್ರಿ, ಬರ್ತಾರ. ಅವನು ತಿರುಗುವಾಗ ಎದೆಯ ಮೇಲಿನ ಚೀಟಿ ಕಂಡಿತು, ಶಿವರಾಜ, ರಾಜೇಶ್ವರ, ಅಯ್ಯೋ, ರಾಜೇಶ್ವರದವ, ಬಸ್ಸಿನ ದಾರಿಯವ, ಭಾಭಿ ಕೇಳಿದ ಆ ಒಬ್ಬ ಇವನೇ ಇರಬಹುದಿತ್ತು, ಅವನಾಗಲೇ ಎರಡು ಸಾಲು ಮುಂದೆ ಬಿಳಿ ಮೀಸೆಯವರ ಪಕ್ಕ ಕೂತು ಫೋನು ತೆಗೆದು ನಂಬರು ಒತ್ತಿಕೊಳ್ಳುತ್ತಿದ್ದಾನೆ. ಎತ್ತು, ಪಂಡರಿ, ದಸ್ತಿ ಎತ್ತು. ಕೈ ಹೋಗುವುದಿಲ್ಲ. ಹೋದ ವರ್ಷ ಬೀದರಿನ ಸಮ್ಮೇಳನದಿಂದ ಬರುವಾಗ ಬಸ್ಸಿನಲ್ಲಿ ಲಾಲ್ ಅಹ್ಮದ್ ಇದನ್ನೇ ಮುಖದ ಮೇಲೆ ಹಾಕಿಕೊಂಡು ಪಂಡರಿಯ ಹೆಗಲಿಗೆ ಒರಗಿ ಮಲಗಿದ್ದ, ಇಳಿಯುವಾಗ ಸೀಟಿನಲ್ಲೇ ಬಿಟ್ಟ, ನಾಳೆ ಕೊಟ್ಟರಾಯಿತು ಎಂದು ಪಂಡರಿ ಜೇಬಿಗೆ ಹಾಕಿಕೊಂಡ, ನಾಳೆ ಮರೆತ, ನಾಡಿದ್ದು ಮರೆತ, ಆಮೇಲೆ ದವಾಖಾನೆ, ಆಮೇಲೆ ಕೊಡಲು ಯಾರಿದ್ದಾರೆ, ಭಾಭಿಗೂ ಕೊಟ್ಟಿಲ್ಲ, ಹೇಳಿಯೂ ಇಲ್ಲ. ಎತ್ತಿದರೆ ಕುರ್ಚಿ ಖಾಲಿ. ದಸ್ತಿ ಇರುವ ತನಕ ಅವನು ಹೊರಗೆ ಎಲೆಯಡಿಕೆ ಉಗುಳಲು ಹೋಗಿದ್ದಾನೆ, ಬರುತ್ತಾನೆ. ಸೋಮವಾರ ಲಾರಿಯೂ ಬರುತ್ತದೆ. ಮಾಲಕ ನೀನು, ಅಂಗಡಿ ಮುಳುಗಿಸಿ ಒಂದು ಬಟ್ಟೆ ತುಂಡು ಕಾಯುತ್ತ ಕೂತಿದ್ದೀಯ, ಪಂಡರಿಗೆ ತನ್ನ ಮೇಲೆಯೇ ಸಿಟ್ಟು ಬರುತ್ತದೆ.

ಬಳೆ ಸದ್ದು. ಮೂವತ್ತರ ಹೆಣ್ಣುಮಗಳು, ಕೊರಳಲ್ಲಿ ಚೀಟಿ, ಸರಿತಾ, ಕೊಡಂಬಲ, ಇವಳು ಕೇಳಲೇ ಇಲ್ಲ, ದಸ್ತಿಯನ್ನು ಎತ್ತಿದಳು, ಮಡಿಕೆ ಕೆಡದಂತೆ ಎರಡೂ ಕೈಯಲ್ಲಿ ಎತ್ತಿ ಪಂಡರಿಯ ಕೈಗಿಟ್ಟಳು, ಕೂತೇಬಿಟ್ಟಳು, ಮುಂಜಾನಿಂದ ನಿಂತು ಕಾಲು ಬ್ಯಾನಿ ಆಗ್ಯಾವ್ರಿ ಕಾಕಾ, ಬರೋರು ಬಂದ್ರ ಏಳ್ತೀನಿ. ಏನು ಕೇಳಬೇಕಿತ್ತು, ಮೊದಲು ಏನು — ನಿಮ್ಮ ಕಡಿ ಏನ್ ತ್ರಾಸ ಅದ ಅವ್ವಾ? ಧ್ವನಿ ತನ್ನದೇ, ಮಾತು ಅವನದು. ಏನ್ ಹೇಳಲ್ರಿ ಕಾಕಾ, ನಮ್ಮೂರ ಹೆಣ್ಮಕ್ಕಳೇ ಕೂಡಿ ಟೆಂಟ್ ಹೌಸ್ ಇಟ್ಟೀವಿ, ಹಳ್ಳ್ಯಾಗ ಇನ್ನಾ ಮನಿ ಮುಂದ ಶಾಮಿಯಾನ ಬೇಕಂತಾರ, ಕೆಲಸ ಬೇಕಾದಷ್ಟು ಅದ, ಸಾಮಾನ ಸಾಲವಲ್ದು, ಗಂಟು ಹಾಕೋದಂತೂ ನಮ್ಮ ಹುಡುಗ್ಯಾರಿಗಿ ಯಾರೂ ಕಲಿಸಿಲ್ಲ, ಹೋದ ವಾರ ಗಾಳಿ ಬಂದು, ಅವಳು ಹೇಳುತ್ತಲೇ ಇದ್ದಾಳೆ, ಪಂಡರಿ ಗೋಣು ಹಾಕುತ್ತಿದ್ದಾನೆ, ಭಾಭಿ, ಒಬ್ಬರು ಸಿಕ್ಕರು, ಹಾಲಿನ ಆ ಕಡೆ ನೋಡುತ್ತಾನೆ, ಹುಬ್ಬು ಹಾರಿಸುವವರು ಯಾರೂ ಇಲ್ಲ, ಬರೋರು ಬಂದ್ರ ಏಳ್ತೀನಿ ಎಂದಳಲ್ಲ, ಬಂದರೆ ಏಳುತ್ತಾಳೆ, ಬಂದರೆ, ಪಂಡರಿ ಬಾಗಿಲ ಕಡೆ ನೋಡುತ್ತಾನೆ, ಬಾಗಿಲು ಮುಚ್ಚಿದೆ, ಕೈಯಲ್ಲಿ ದಸ್ತಿ, ನೀಲಿ ಚೌಕಡಿಯದು, ನಾಲ್ಕು ಮಡಿಕೆಯದು.