ಖುಷಿಗೆ ಐದು ಅಂಕ

ಖುಷಿಯನ್ನೂ ಅಳೆಯುತ್ತಾರೆಂದು ಆಟದ ಟೀಚರಿಗೆ ಗೊತ್ತಾದದ್ದು ಸಮೀಕ್ಷೆಯವಳು ಶಾಲೆಗೆ ಬಂದ ಮೇಲೆ. ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಅವಳು ಒಂದೊಂದು ಹಾಳೆ ಹಂಚಿದಳು. 'ಓಡುವಾಗ ನನಗೆ ಖುಷಿಯಾಗುತ್ತದೆ', 'ಹಗ್ಗ ಹಾರುವಾಗ ನನಗೆ ಖುಷಿಯಾಗುತ್ತದೆ' ಎಂಬಂಥ ಸಾಲುಗಳು. ಪೂರ್ತಿ ಒಪ್ಪಿದರೆ ಐದು, ಒಪ್ಪದಿದ್ದರೆ ಒಂದು. ಆರು ತಿಂಗಳು ಹೊಸ ಬಗೆಯಲ್ಲಿ ಆಡಿಸಿ, ಮತ್ತೆ ಅದೇ ಹಾಳೆ. ಅಂಕ ಏರಿದರೆ ದಿನದ ಆಟದ ಪೀರಿಯಡ್ ಉಳಿಯುತ್ತದೆ, ಇಲ್ಲದಿದ್ದರೆ ಗಣಿತಕ್ಕೆ ಹೋಗುತ್ತದೆ ಎಂದು ದೊಡ್ಡ ಮೇಡಂ ಟೀಚರಿಗೆ ಹಾಳೆ ಹಂಚುವ ಮುಂಚೆಯೇ ಹೇಳಿದ್ದರು.

ಆಗ ಆ ಹುಡುಗಿಯರಿಗೆ ಆಟವೆಂದರೆ ಅಷ್ಟಕ್ಕಷ್ಟೇ. ಒಬ್ಬಳಿಗೆ ಹೊಟ್ಟೆನೋವು, ಇನ್ನೊಬ್ಬಳಿಗೆ ಕಾಲುಳುಕು. ಬಸವನಹುಳು ಎಂದೇ ಹೆಸರಾದವಳಂತೂ ಗೋಡೆಯ ನೆರಳು ಬಿಟ್ಟು ಅಲುಗುತ್ತಿರಲಿಲ್ಲ. ಓಡಿದರೆ ಯಾರಾದರೂ ನಕ್ಕಾರೆಂಬ ಭಯ ಅವಳಿಗೆ. ಟೀಚರ್ ಪಂದ್ಯಗಳನ್ನು ಕೈಬಿಟ್ಟು, ಯಾರೂ ಇಣುಕದ ಹಿಂದಿನ ಅಂಗಳದಲ್ಲಿ ಹಗ್ಗದಾಟ ಶುರುಮಾಡಿದರು. ಬರಬರುತ್ತ ಬಸವನಹುಳು ಗಂಟೆ ಹೊಡೆಯುವ ಮುಂಚೆಯೇ ಬಾಗಿಲಲ್ಲಿ ನಿಲ್ಲತೊಡಗಿದಳು.

ಎರಡನೆಯ ಹಾಳೆ ಬಂದಾಗ ಟೀಚರ್, "ನನ್ನ ಮುಖ ನೋಡ್ಬೇಡಿ, ಅನ್ಸಿದ್ದೇ ಬರೀರಿ" ಎಂದು ಧೈರ್ಯವಾಗಿ ಹೇಳಿದರು. ಹಾಗೆ ಹೇಳಿ ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕಿಕೊಂಡರು, ಪಾಪ.

ಅಂಕ ಇಳಿದಿತ್ತು.

"ಏನ್ರೇ ಇದು?" ಎಂದು ಕೇಳಿದರೆ ಬಸವನಹುಳು ನಕ್ಕಳು. "ಮೊದಲ್ನೇ ಸಲ ನೀವು ಸಪ್ಪೆ ಮುಖ ಮಾಡ್ಕೊಂಡು ನಿಂತಿದ್ರಲ್ಲ ಟೀಚರ್, ಪಾಪ ಅನ್ಸಿ ಎಲ್ರೂ ಐದೈದು ಹಾಕಿದ್ವಿ. ಈ ಸಲ ನಿಜಾನೇ ಬರೆದ್ವಿ. ಓಡೋದಕ್ಕೆ ಮೂರು, ಹಗ್ಗಕ್ಕೆ ಐದು."

ಟೀಚರ್ ಎದ್ದೆನೋ ಬಿದ್ದೆನೋ ಎಂದು ದೊಡ್ಡ ಮೇಡಂ ಕೋಣೆಗೆ ಓಡಿದರು. ಸಮೀಕ್ಷೆಯವಳೂ ಅಲ್ಲೇ ಇದ್ದಳು. ಇಬ್ಬರೂ ತಾಳ್ಮೆಯಿಂದ ಕೇಳಿದರು, ಅದೇ ಇನ್ನೂ ಹೆಚ್ಚಿನ ಸಂಕಟ.

"ಅವತ್ತು ಸುಳ್ಳು ಬರೆದೋರು ಇವತ್ತು ನಿಜ ಬರೆದ್ರು ಅಂತ ಹೇಗಮ್ಮ ನಂಬೋದು?" ಎಂದರು ಮೇಡಂ.

"ಬಂದು ನೋಡಿ ಮೇಡಂ, ಹೇಗೆ ಕುಣೀತಾರೆ ಅಂತ!"

"ನೋಡಿದ್ದನ್ನ ಲೆಕ್ಕಕ್ಕೆ ತಗೊಳ್ಳೋ ಹಾಗಿಲ್ಲ" ಎಂದಳು ಸಮೀಕ್ಷೆಯವಳು. ಅವಳ ಮುಖವೂ ಚಿಕ್ಕದಾಗಿತ್ತು. ನಾಳೆಯಿಂದಲೇ ಗಣಿತ ಎಂದು ತೀರ್ಮಾನವಾಯಿತು.

ಅಂಗಳಕ್ಕೆ ಬಂದರೆ ಬಸವನಹುಳು ಹಗ್ಗದ ನಡುವೆ ಏದುಸಿರು ಬಿಡುತ್ತ ಹಾರುತ್ತಿದ್ದಳು, ಕೆನ್ನೆಯೆಲ್ಲ ಕೆಂಪು. ಕಾಲು ಸಿಕ್ಕಿಕೊಂಡು ನಿಂತಳು.

"ಇನ್ನೆರಡೇ ಇತ್ತು ಟೀಚರ್, ನೂರು ಆಗ್ತಿತ್ತು! ನಾಳೆ ಮಾಡೇ ಮಾಡ್ತೀನಿ, ನೋಡ್ತಿರಿ!"

ಟೀಚರ್ ಬಗ್ಗಿ ಅವಳ ಕಾಲಿಗೆ ಸಿಕ್ಕಿದ ಹಗ್ಗ ಬಿಡಿಸಿದರು. "ಆಗ್ಲಿ ಕಣೇ" ಎಂದಷ್ಟೇ ಅಂದರು.